ಭೂಪಟದ ಒಡೆಯ ಯಾರು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಬಾವಿ ತೋಡುವವರಿಗೆ ಹಲವೆಡೆ ಮೊದಲು ಎದುರಾಗುವುದು ಕೆಂಪು ಜಂಬಿಟ್ಟಿಗೆ ಕಲ್ಲು. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕಾಡುದಾರಿಗಳಲ್ಲಿ ಸಂಚರಿಸಿದ್ದನು. ಇಂಥವರು ಕಂಡು ಬರೆದುದನ್ನು ಆಧರಿಸಿ, 1854ರಲ್ಲಿ ಜಾರ್ಜ್ ಗ್ರೀನೋ ಎಂಬಾತನು ಇಡೀ ಭಾರತದ ಭೂವೈಜ್ಞಾನಿಕ ಭೂಪಟವನ್ನು ಹೊರತಂದನು. ಇಂದು ಅದರ ಪ್ರತಿಗಳು ವಿರಳ. ಆತನಾದರೋ ಭಾರತದ ನೆಲವನ್ನು ಮೆಟ್ಟಿದವನೇ ಅಲ್ಲ!

ಹಾಗಾದರೆ ಭೂಪಟ ಯಾರದು? ನಡೆದು ನೋಡಿದವರದೋ, ಕುಳಿತು ಬಣ್ಣ ತುಂಬಿದವನದೋ? ಸಂಗ್ರಹಕಾರ್ಯವೂ ಶ್ರಮವೇ, ನಿಜ. ಆದರೆ ಈ ಪ್ರಶ್ನೆ ಗ್ರೀನೋನನ್ನು ಇಂಗ್ಲೆಂಡಿನಲ್ಲಿಯೇ ಬೆನ್ನಟ್ಟಿತ್ತು. ಅಲ್ಲಿ ಕಮ್ಮಾರನ ಮಗನಾದ ವಿಲಿಯಂ ಸ್ಮಿತ್ ಕಾಲುವೆಗಳ ಅಗೆತದಲ್ಲಿ ಕಂಡ ಶಿಲಾಸ್ತರಗಳನ್ನು ಅವುಗಳೊಳಗಿನ ಪಳೆಯುಳಿಕೆಗಳಿಂದ ಗುರುತಿಸುತ್ತ, ವರ್ಷಗಟ್ಟಲೆ ನಾಡು ಸುತ್ತಿ, 1815ರಲ್ಲಿ ತನ್ನ ಮಹಾಭೂಪಟವನ್ನು ಪ್ರಕಟಿಸಿದನು. 1819ರಲ್ಲಿ ಸಾಲಕ್ಕಾಗಿ ಸೆರೆಮನೆ ಸೇರಿದನು. ಮರುವರ್ಷವೇ ಲಂಡನ್ನಿನ ಭೂವಿಜ್ಞಾನ ಸಂಘವು ಗ್ರೀನೋನ ಭೂಪಟವನ್ನು ಹೊರತಂದಿತು. ಅದು ಸ್ಮಿತ್ತನ ದುಡಿಮೆಯ ಅಪಹರಣವೆಂದು ಅವನ ಪಕ್ಷದವರು ದೂರಿದರು. ಅನೇಕರಿಂದ ಪಡೆದ ಮಾಹಿತಿಯೆಂಬುದು ಗ್ರೀನೋನ ಸಮರ್ಥನೆ. ಆ ಭೂಪಟಕ್ಕೆ ಸ್ಮಿತ್ತನದೇ ಆಧಾರವೆಂಬ ಮಾತು ಅದರ ಮೇಲೆ ಅಚ್ಚಾದುದು 1865ರ ಆವೃತ್ತಿಯಲ್ಲಿ. ಆ ವೇಳೆಗೆ ಸ್ಮಿತ್ ತೀರಿಕೊಂಡು 26 ವರ್ಷಗಳಾಗಿದ್ದವು.