ಐವರ ಕಾಲ್ಚೆಂಡಾಟವೂ ರಾಷ್ಟ್ರೀಯ ಲೀಗಿನ ದಾರಿಯೂ

ಕಳೆದ ವರ್ಷ ನಮ್ಮ ಶಾಲೆಯ ಹಿಂದಣ ಸಿಮೆಂಟಿನ ಅಂಗಳದಲ್ಲಿ ಬಿಳಿಯ ಗೆರೆಗಳನ್ನೆಳೆಯಿಸಿ, ಎರಡು ತುದಿಗಳಲ್ಲಿಯೂ ಗೋಲುಕಂಬಗಳನ್ನು ನಿಲ್ಲಿಸಿದಂದಿನಿಂದ ಪೋಷಕರಲ್ಲನೇಕರು ಇದೇನೆಂದು ನಮ್ಮನ್ನು ಕೇಳುತ್ತಲೇ ಇದ್ದಾರೆ. ಫುಟ್ಸಾಲ್ ಎಂಬ ಆಟ ಎಂದೆವು. "ಸಾಲವೇ, ಮೇಡಂನವರೇ? ಅದು ನಮ್ಮಲ್ಲಿ ಬೇಕಾದಷ್ಟಿದೆ" ಎಂದು ತೆಂಗಿನ ತೋಟದ ಯಜಮಾನರೊಬ್ಬರು ನಕ್ಕರು. ಆ ಸಾಲವಲ್ಲ, ಸ್ಪೇನಿನ ನುಡಿಯಲ್ಲಿ ಸಾಲಾ ಎಂದರೆ ಹಜಾರ. ಹಜಾರದೊಳಗೆ ಆಡುವ ಕಾಲ್ಚೆಂಡಾಟವೆಂದು ಅದರ ಅರ್ಥ. ಅಂದು ನಿಂತಲ್ಲಿಯೇ ಹೇಳಿ ಮುಗಿಸಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ಆಟದ ಹುಟ್ಟೂರು ದಕ್ಷಿಣ ಅಮೆರಿಕದ ಉರುಗ್ವೆ ದೇಶದ ರಾಜಧಾನಿಯಾದ ಮಾಂಟೆವಿಡಿಯೊ. 1930ರಲ್ಲಿ ಮೊದಲನೆಯ ವಿಶ್ವಕಪ್ ಕಾಲ್ಚೆಂಡಾಟ ಅಲ್ಲಿಯೇ ನಡೆದು, ಆ ದೇಶವೇ ಗೆದ್ದಿತು. ಊರಿನ ಹುಡುಗರಿಗೆಲ್ಲ ಕಾಲ್ಚೆಂಡಿನ ಹುಚ್ಚು ಹಿಡಿಯಿತು. ಆದರೆ ಮೈದಾನಗಳು ಸಾಲವು. ಆಗ ಅಲ್ಲಿನ ವೈ.ಎಂ.ಸಿ.ಎ.ಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬವರು, ಬ್ಯಾಸ್ಕೆಟ್‌ಬಾಲಿನ ಅಂಕಣದಲ್ಲಿಯೇ ಆಡಬಹುದಾದ ಐದೈದು ಮಂದಿಯ ಆಟವೊಂದನ್ನು ಕಲ್ಪಿಸಿದರು. ಬ್ಯಾಸ್ಕೆಟ್‌ಬಾಲೂ ವಾಲಿಬಾಲೂ ವೈ.ಎಂ.ಸಿ.ಎ. ಶಿಕ್ಷಕರ ಕಲ್ಪನೆಗಳೇ. ನಮ್ಮ ಹಳೆಯ ವ್ಯಾಯಾಮ ಶಿಕ್ಷಕಿಯರು ಗೌರವದಿಂದ ನೆನೆಯುವ ಮದರಾಸಿನ ವೈ.ಎಂ.ಸಿ.ಎ. ವ್ಯಾಯಾಮ ಕಾಲೇಜನ್ನು 1920ರಲ್ಲಿ ಎಚ್.ಸಿ. ಬಕ್ ಅವರು ಸ್ಥಾಪಿಸಿದ್ದೂ ಇದೇ ಪರಂಪರೆಯಲ್ಲಿ.

ಈಗಿನ ಅಂತಾರಾಷ್ಟ್ರೀಯ ಅಂಕಣ ಸಾಮಾನ್ಯವಾಗಿ 40 ಮೀಟರ್ ಉದ್ದ, 20 ಮೀಟರ್ ಅಗಲ. ಸ್ಥಳೀಯ ಪಂದ್ಯಗಳಿಗೆ 25 ಮೀಟರ್ ಉದ್ದ, 16 ಮೀಟರ್ ಅಗಲವಿದ್ದರೂ ಸಾಕು. ನಮ್ಮ ಅಂಗಳ ಇದಕ್ಕೆ ಸ್ವಲ್ಪ ಮಿಕ್ಕಿಯೇ ಇದೆ. ಚೆಂಡು ಚಿಕ್ಕದು, ಹೆಚ್ಚಾಗಿ ಪುಟಿಯದು. 2 ಮೀಟರ್ ಎತ್ತರದಿಂದ ಬಿಟ್ಟರೆ 50ರಿಂದ 65 ಸೆಂಟಿಮೀಟರಿನಷ್ಟೇ ಮೇಲೇಳಬೇಕು. ಚೆಂಡು ಗಾಳಿಯಲ್ಲಿ ಹಾರಿಹೋಗುವುದಿಲ್ಲವಾದ್ದರಿಂದ ಅದನ್ನು ಪಾದದಲ್ಲಿ ಹಿಡಿದು ನಿಲ್ಲಿಸುವ ಜಾಣ್ಮೆ ಬೇಕಾಗುತ್ತದೆ. ಬರಿಯ ಬಲದಿಂದ ಒದೆಯುವವಳಿಗೆ ಇಲ್ಲಿ ಬೆಲೆಯಿಲ್ಲ. 20 ನಿಮಿಷಗಳ ಎರಡು ಭಾಗಗಳು. ಚೆಂಡು ಹೊರಗೆ ಹೋದಾಗಲೆಲ್ಲ ಗಡಿಯಾರವನ್ನು ನಿಲ್ಲಿಸುತ್ತಾರೆ. ಆಟಗಾರ್ತಿಯರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಶಿಕ್ಷಕಿಯರಾದ ನಮಗೆ ಬಹಳ ಮೆಚ್ಚುಗೆಯಾದುದು ಈ ನಿಯಮವೇ, ಏಕೆಂದರೆ ಬೆಂಚಿನಲ್ಲಿ ಕುಳಿತ ಬಾಲೆಗೂ ಸರದಿ ಬಂದೇ ಬರುತ್ತದೆ.

ಇನ್ನು ಲೀಗ್ ಎಂದರೇನು? ಸೋತವರು ಹೊರನಡೆಯುವ ಪಂದ್ಯಾವಳಿಯಲ್ಲಿ 16 ತಂಡಗಳು ಸೇರಿದರೆ ನಡೆಯುವುದು 15 ಪಂದ್ಯಗಳು. ಎಂಟು ತಂಡಗಳು ಒಂದೇ ಪಂದ್ಯವಾಡಿ ಬಸ್ಸು ಹತ್ತುತ್ತವೆ. ಲೀಗಿನಲ್ಲಿ ಹಾಗಲ್ಲ. 10 ತಂಡಗಳಿದ್ದರೆ, ಪ್ರತಿಯೊಂದು ತಂಡವೂ ಉಳಿದ ಒಂಬತ್ತರೊಡನೆ ತನ್ನ ಊರಿನಲ್ಲೊಮ್ಮೆ, ಅವರ ಊರಿನಲ್ಲೊಮ್ಮೆ ಆಡುತ್ತದೆ: ತಂಡಕ್ಕೆ 18, ಒಟ್ಟು 90 ಪಂದ್ಯಗಳು. ಸೋತವರಿಗೂ ಮುಂದಿನ ವಾರವೊಂದುಂಟು. ಕಲಿಕೆಯೆಲ್ಲ ಆ ಮುಂದಿನ ವಾರದಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಇಂಥ ರಾಷ್ಟ್ರೀಯ ಲೀಗ್ ಸ್ಪೇನಿನಲ್ಲಿ 1989ರಲ್ಲಿಯೂ ಬ್ರೆಜಿಲಿನಲ್ಲಿ 1996ರಲ್ಲಿಯೂ ಏರ್ಪಟ್ಟಿತು. ಜಪಾನಿನವರು 1996ರಲ್ಲಿ ಅಖಿಲ ಜಪಾನ್ ಪಂದ್ಯಾವಳಿಯನ್ನು ಆರಂಭಿಸಿ, ಹನ್ನೊಂದು ವರ್ಷ ತಾಳ್ಮೆಯಿಂದಿದ್ದು, 2007ರಲ್ಲಿ ಎಂಟೇ ಸಂಘಗಳಿಂದ ಲೀಗನ್ನು ತೆರೆದರು. ನಮ್ಮ ದೇಶದಲ್ಲಿ ಕೆಲಸ ಮೇಲಿನಿಂದ ಕೆಳಕ್ಕೆ ನಡೆಯಿತು. 2016ರಲ್ಲಿ ಖಾಸಗಿಯವರು ಪ್ರೀಮಿಯರ್ ಫುಟ್ಸಾಲ್ ಎಂಬುದನ್ನು ಬಹು ವೈಭವದಿಂದ ನಡೆಸಿದರು. ಬೆಂಗಳೂರಿನ ಹೆಸರಿನ ತಂಡಕ್ಕೆ ಇಂಗ್ಲೆಂಡಿನ ಪಾಲ್ ಸ್ಕೋಲ್ಸ್, ಗೋವೆಯದಕ್ಕೆ ಬ್ರೆಜಿಲಿನ ರೊನಾಲ್ಡಿನ್ಯೊ ಬಂದರು. ಅಖಿಲ ಭಾರತ ಫುಟ್ಬಾಲ್ ಒಕ್ಕೂಟದ ಮನ್ನಣೆ ಅದಕ್ಕಿರಲಿಲ್ಲ. 2017ರ ಎರಡನೆಯ ಆವೃತ್ತಿಯೊಡನೆ ಅದು ನಿಂತುಹೋಯಿತು. ಸಸಿ ನೆಡದೆ ಅಟ್ಟದಲ್ಲಿ ಉಂಡೆಕೊಬ್ಬರಿಯನ್ನು ಹುಡುಕಿದಂತೆ ಆಯಿತೆಂದರೆ ನಮ್ಮ ಸೀಮೆಯವರಿಗೆ ಬೇರೆ ವಿವರಣೆ ಬೇಡ.

ಅನಂತರ ಒಕ್ಕೂಟವೇ 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ಸಂಘಗಳ ಫುಟ್ಸಾಲ್ ಚಾಂಪಿಯನ್‌ಷಿಪ್ಪನ್ನು ಮೊದಲ ಬಾರಿಗೆ ನಡೆಸಿತು, ದೆಹಲಿ ಎಫ್.ಸಿ. ಗೆದ್ದಿತು. ಇದು ಸರಿಯಾದ ಹೆಜ್ಜೆ. ಆದರೂ ಕೆಲವು ದಿನಗಳ ಮಟ್ಟಿಗೆ ಒಂದೂರಿನಲ್ಲಿ ಕೂಡಿ ಚೆದರುವ ಪಂದ್ಯಾವಳಿಯನ್ನು ಲೀಗ್ ಎನ್ನಲಾಗದು. ಅದು ಲೀಗಾಗಬೇಕಾದರೆ ರಾಜ್ಯದಲ್ಲಿ, ಜಿಲ್ಲೆಯಲ್ಲಿ, ತಾಲ್ಲೂಕಿನಲ್ಲಿ ವರ್ಷವಿಡೀ ಪಂದ್ಯಗಳು ನಡೆಯುತ್ತಿರಬೇಕು.

ಆ ಚಾಂಪಿಯನ್‌ಷಿಪ್ ಪುರುಷರದು. ಹೆಣ್ಣುಮಕ್ಕಳ ಸರದಿ ಎಲ್ಲ ಕಡೆಯಲ್ಲಿಯೂ ತಡವಾಗಿಯೇ ಬಂದಿದೆ. ಪುರುಷರ ಫುಟ್ಸಾಲ್ ವಿಶ್ವಕಪ್ 1989ರಲ್ಲಿ ನೆದರ್ಲೆಂಡಿನಲ್ಲಿ ಆರಂಭವಾಯಿತು. ಮಹಿಳೆಯರದು 2025ರಲ್ಲಿ, ಫಿಲಿಪೈನ್ಸಿನಲ್ಲಿ. ನಡುವೆ 36 ವರ್ಷಗಳು! ನಮ್ಮ ದೇಶದ ಮಹಿಳಾ ತಂಡವು ಅದೇ 2025ರ ಜನವರಿಯಲ್ಲಿ ಇಂಡೋನೇಷ್ಯದಲ್ಲಿ ಏಷ್ಯಾ ಕಪ್ಪಿನ ಅರ್ಹತಾ ಪಂದ್ಯಗಳನ್ನಾಡಿ ಅಂತಾರಾಷ್ಟ್ರೀಯ ಅಂಕಣಕ್ಕೆ ಕಾಲಿಟ್ಟಿತು.

ನಮ್ಮ ಶಾಲೆಯ ಮಾತಿಗೆ ಬರೋಣ. ಕಳೆದ ವರ್ಷ ನಮ್ಮ ಬಾಲೆಯರು ಹೊರಗಿನವರೊಡನೆ ಆಡಿದುದು ಎರಡೇ ಪಂದ್ಯಗಳು. ಎರಡನೆಯದಕ್ಕೆ, ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಚೆಂಡು ಹಿಡಿಯುವವಳನ್ನು ಮನೆಯವರು ಕಳುಹಿಸಲಿಲ್ಲ. ಅವಳ ತಾಯಿಯವರು ನಮ್ಮ ಕೋಣೆಗೆ ಬಂದು, "ಆಟ ಬೇಡವೆಂದಲ್ಲ, ಮೇಡಂನವರೇ. ಕ್ರಾಸಿನಲ್ಲಿ ಇಳಿದು ತೋಟದ ದಾರಿಯಲ್ಲಿ ಮನೆ ಸೇರುವ ಹೊತ್ತಿಗೆ ಕತ್ತಲಾಗುತ್ತದೆ" ಎಂದರು. ಆ ಮಾತಿಗೆ ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಅವರ ಭಯ ನ್ಯಾಯವಾದುದು. ತಪ್ಪಿದ್ದುದು ನಮ್ಮ ಏರ್ಪಾಡಿನಲ್ಲಿ. ಪಂದ್ಯವನ್ನು ಸಂಜೆ ನಾಲ್ಕಕ್ಕೆ ಇಟ್ಟುಕೊಂಡವರು ನಾವೇ ಅಲ್ಲವೇ?

ಆದುದರಿಂದ ಈ ವರ್ಷ ಹೀಗೆ ಮಾಡಬೇಕೆಂದಿದ್ದೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಂದ ಒಂದೊಂದು ಬಾಲಿಕಾ ತಂಡ, ಕಿಬ್ಬನಹಳ್ಳಿಯ ನಮ್ಮದೊಂದು, ಹೀಗೆ ನಾಲ್ಕು ತಂಡಗಳ ಪುಟ್ಟ ಲೀಗು. ತಂಡಕ್ಕೆ ಆರು, ಒಟ್ಟು ಹನ್ನೆರಡು ಪಂದ್ಯಗಳು. ಎಲ್ಲವೂ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಹೊರಗಿನ ಪಂದ್ಯಕ್ಕೆ ಇಬ್ಬರು ಶಿಕ್ಷಕಿಯರು ಜೊತೆಯಲ್ಲಿ ಹೋಗಿ, ಮಧ್ಯಾಹ್ನ ಮೂರರೊಳಗೆ ಪ್ರತಿಯೊಬ್ಬಳನ್ನೂ ಮನೆಯ ಬಾಗಿಲಿಗೆ ಮುಟ್ಟಿಸುವರು. ಆ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ಮಕ್ಕಳಿಗೆ ಮಧ್ಯಾಹ್ನದ ಊಟಕ್ಕೆ ಏರ್ಪಾಡು ಮಾಡಬಲ್ಲರಾದರೆ ನಮಗೆ ತಿಳಿಸಬೇಕು. ಆ ತಾಯಿಯವರಿಗೆ ಪಂದ್ಯಗಳ ವೇಳೆಯ ಪಟ್ಟಿಯನ್ನು ಕೊಟ್ಟಿದ್ದೇವೆ. ಯಜಮಾನರನ್ನು ಕೇಳಿ ಹೇಳುತ್ತೇನೆಂದಿದ್ದಾರೆ. ಮೂರು ಊರುಗಳ ಶಾಲೆಗಳಿಗೂ ಪತ್ರ ಬರೆದಿದ್ದೇವೆ. ಎರಡು ಒಪ್ಪಿವೆ, ಮೂರನೆಯ ಉತ್ತರವನ್ನು ಎದುರುನೋಡುತ್ತಿದ್ದೇವೆ.