ಹುಡುಕುವ ಯಂತ್ರವೂ ಸಣ್ಣ ಅಂಗಡಿಯೂ

ಪೇಟೆಯ ಬೀದಿಯಲ್ಲಿ ಅಂಗಡಿಯಿಟ್ಟವನಿಗೆ ಒಂದು ಅನುಕೂಲವುಂಟು. ಅವನು ಬಾಗಿಲ ಮೇಲೆ ಹೆಸರಿನ ಹಲಗೆಯನ್ನು ತೂಗುಹಾಕದಿದ್ದರೂ, ದಾರಿಯಲ್ಲಿ ನಡೆದುಹೋಗುವವರ ಕಣ್ಣಿಗೆ ಅವನ ಸರಕು ಬಿದ್ದೇ ಬೀಳುತ್ತದೆ. ಅಂತರಜಾಲದಲ್ಲಿ ತಾಣವನ್ನು ತೆರೆದ ವ್ಯಾಪಾರಿಗೆ ಈ ಅನುಕೂಲವಿಲ್ಲ. ಅಲ್ಲಿ ಬೀದಿಯೆಂಬುದಿಲ್ಲ, ದಾರಿಹೋಕರೆಂಬವರೂ ಇಲ್ಲ. ಅಪರಿಚಿತನಾದ ಗಿರಾಕಿಯು ಆ ತಾಣಕ್ಕೆ ಬರಬೇಕಾದರೆ ಯಾರಾದರೂ ಅವನಿಗೆ ದಾರಿಯನ್ನು ತೋರಿಸಬೇಕು. ಹೀಗೆ ದಾರಿ ತೋರಿಸುವ ಕಾರ್ಯದ ಬಹುಭಾಗವನ್ನು ಇಂದು ಗೂಗಲ್, ಬಿಂಗ್ ಮೊದಲಾದ ಶೋಧಯಂತ್ರಗಳು ವಹಿಸಿಕೊಂಡಿವೆ. ಗಿರಾಕಿಯು ತನಗೆ ಬೇಕಾದುದನ್ನು ನಾಲ್ಕು ಮಾತುಗಳಲ್ಲಿ ಬರೆದು ಕೇಳುತ್ತಾನೆ. ಯಂತ್ರವು ಕ್ಷಣಮಾತ್ರದಲ್ಲಿ ಒಂದು ಪಟ್ಟಿಯನ್ನು ಅವನ ಮುಂದಿಡುತ್ತದೆ. ಪಟ್ಟಿಯ ಮೊದಲಲ್ಲಿರುವ ತಾಣಗಳಿಗೆ ವ್ಯಾಪಾರ ದೊರೆಯುತ್ತದೆ. ಕೊನೆಯಲ್ಲಿರುವುವನ್ನು ಕೇಳುವವರು ವಿರಳ.

ಆದುದರಿಂದಲೇ ಪಟ್ಟಿಯಲ್ಲಿ ಮೇಲಕ್ಕೇರುವ ವಿದ್ಯೆಯೊಂದು ಹುಟ್ಟಿಕೊಂಡಿದೆ. ಅದಕ್ಕೆ 'ಸರ್ಚ್ ಎಂಜಿನ್ ಆಪ್ಟಿಮೈಸೇಷನ್' ಎಂದು ಹೆಸರು. ಈ ವಿದ್ಯೆಯಲ್ಲಿ ಪ್ರಾಮಾಣಿಕವಾದ ಭಾಗವೂ ಉಂಟು, ಮೋಸದ ಭಾಗವೂ ಉಂಟು. "ತಿಂಗಳೊಳಗಾಗಿ ನಿಮ್ಮ ತಾಣವನ್ನು ಮೊದಲನೆಯ ಸ್ಥಾನಕ್ಕೆ ತರುತ್ತೇವೆ" ಎಂದು ಹಣ ಕೇಳುವವರ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಸಣ್ಣ ವ್ಯಾಪಾರಿಯು ತಾನೇ ನಿರ್ಣಯಿಸಬೇಕಾದರೆ, ಯಂತ್ರವು ಯಾವ ರೀತಿಯಲ್ಲಿ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪಮಟ್ಟಿಗಾದರೂ ಅರಿತಿರಬೇಕು. ಅದು ಕಠಿನವಾದ ವಿಷಯವೇನಲ್ಲ.

ಸಂಚಾರ ಮತ್ತು ಸೂಚಿ

ನಾವು ಪ್ರಶ್ನೆಯನ್ನು ಕೇಳಿದ ಕ್ಷಣದಲ್ಲಿ ಶೋಧಯಂತ್ರವು ಪ್ರಪಂಚದ ತಾಣಗಳನ್ನೆಲ್ಲ ಸುತ್ತಿ ಬರುತ್ತದೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಸುತ್ತುವ ಕೆಲಸ ಬಹುಮಟ್ಟಿಗೆ ಮೊದಲೇ ಮುಗಿದಿರುತ್ತದೆ. ಈ ಕೆಲಸವನ್ನು ಮಾಡುವ ಗಣಕದ ಕಾರ್ಯಕ್ರಮಕ್ಕೆ 'ಕ್ರಾಲರ್' ಎನ್ನುತ್ತಾರೆ. ನಾವು ಅದನ್ನು 'ಸಂಚಾರಿ' ಎಂದು ಕರೆಯೋಣ. ಸಂಚಾರಿಯು ಒಂದು ಪುಟವನ್ನು ಓದಿ, ಅದರಲ್ಲಿರುವ ಕೊಂಡಿಗಳನ್ನು ಹಿಡಿದು ಬೇರೆ ಪುಟಗಳಿಗೆ ಹೋಗುತ್ತದೆ. ಅಲ್ಲಿಂದ ಮತ್ತೆ ಬೇರೆ ಪುಟಗಳಿಗೆ. ಯಾವ ಪುಟದಿಂದಲೂ ಕೊಂಡಿಯಿಲ್ಲದ ತಾಣವು, ದಾರಿಯಿಲ್ಲದ ಕಾಡಿನಲ್ಲಿ ಕಟ್ಟಿದ ಮನೆಯಂತೆ, ಸಂಚಾರಿಯ ಕಣ್ಣಿಗೆ ಬೀಳದೆಯೇ ಉಳಿಯಬಹುದು. ೨೦೦೫ರಲ್ಲಿ ಗೂಗಲ್ ಆರಂಭಿಸಿದ 'ಸೈಟ್‌ಮ್ಯಾಪ್' ಎಂಬ ಏರ್ಪಾಟಿನಿಂದ ತಾಣದ ಒಡೆಯನು ತನ್ನ ಪುಟಗಳ ಪಟ್ಟಿಯನ್ನು ತಾನೇ ಒಪ್ಪಿಸಲು ಸಾಧ್ಯವಾಗಿದೆ. ಇದಕ್ಕೆ ಪ್ರತಿಯಾಗಿ, ಸಂಚಾರಿಯು ಒಳಗೆ ಬರಬಾರದೆಂದು ಬಾಗಿಲಲ್ಲಿ ಬರೆದಿಡುವ ಪದ್ಧತಿಯೂ ೧೯೯೪ರಿಂದ ಉಂಟು. ತಾಣವನ್ನು ಕಟ್ಟುವಾಗ ಹಾಕಿದ ಈ ನಿಷೇಧವನ್ನು ಕೆಲಸ ಮುಗಿದ ಮೇಲೆ ತೆಗೆಯಲು ಮರೆತರೆ, ತಾಣವು ಎಷ್ಟು ಅಂದವಾಗಿದ್ದರೂ ವ್ಯರ್ಥವೇ.

ಓದಿದ ಪುಟಗಳಿಂದ ಯಂತ್ರವು ಒಂದು ಪದಸೂಚಿಯನ್ನು ಸಿದ್ಧಪಡಿಸುತ್ತದೆ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದರ ಮುಂದೆಯೂ ಅದು ಬರುವ ಪುಟಗಳ ಸಂಖ್ಯೆಯನ್ನು ನಮೂದಿಸಿರುವುದನ್ನು ವಾಚಕರು ನೋಡಿರಬಹುದು. ಇದೂ ಅಂಥದೇ. ೧೯೯೦ರಲ್ಲಿ ಕೆನಡದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಆಲನ್ ಎಮ್‌ಟೇಜ್ ರಚಿಸಿದ 'ಆರ್ಚಿ' ಎಂಬ ಸಾಧನವು ಕಡತಗಳ ಹೆಸರುಗಳನ್ನು ಮಾತ್ರ ಪಟ್ಟಿಮಾಡುತ್ತಿತ್ತು. ೧೯೯೫ರ ಡಿಸೆಂಬರಿನಲ್ಲಿ ಹೊರಬಂದ 'ಆಲ್ಟವಿಸ್ಟ'ವು ಪುಟದ ಒಳಗಿನ ಪದಗಳನ್ನೆಲ್ಲ ಸೂಚಿಗೆ ಸೇರಿಸಿತು. ಅಂದಿನಿಂದ, ಪುಟದಲ್ಲಿ ಏನು ಬರೆದಿದೆ ಎಂಬುದೇ ಅದು ಸಿಕ್ಕುವುದಕ್ಕೂ ಸಿಕ್ಕದಿರುವುದಕ್ಕೂ ಮೊದಲ ಕಾರಣವಾಯಿತು.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಚನ್ನಪಟ್ಟಣದಲ್ಲಿ ಗೊಂಬೆಗಳನ್ನು ಮಾಡಿ ಮಾರುವ ಒಂದು ಮನೆತನವು ತಾಣವನ್ನು ತೆರೆದಿದೆ ಎಂದು ಊಹಿಸಿಕೊಳ್ಳಿರಿ. ಹಾಲೆಮರವನ್ನು ಕಡೆದು, ಬಣ್ಣದ ಅರಗನ್ನು ಹಚ್ಚಿ ನಯಮಾಡಿದ ಒಳ್ಳೆಯ ಸರಕು ಅವರಲ್ಲಿದೆ. ಆದರೆ ಅವರ ಪುಟದಲ್ಲಿರುವ ಬರವಣಿಗೆ ಇಷ್ಟೇ: "ಪರಂಪರೆಯ ಕಲಾವೈಭವಕ್ಕೆ ಸುಸ್ವಾಗತ. ಉತ್ಕೃಷ್ಟ ಉತ್ಪನ್ನಗಳಿಗೆ ನಮ್ಮನ್ನೇ ಸಂಪರ್ಕಿಸಿ." ಅತ್ತ ಬೆಂಗಳೂರಿನಲ್ಲಿ ಒಬ್ಬ ತಾಯಿ, "ಒಂದು ವರ್ಷದ ಮಗುವಿಗೆ ಮರದ ಆಟಿಕೆ" ಎಂದು ಕೇಳುತ್ತಾಳೆ. ಅವಳ ಮಾತಿಗೂ ಆ ಪುಟದ ಮಾತಿಗೂ ಒಂದು ಪದದ ನಂಟೂ ಇಲ್ಲ. ಮಾರುವವನಿಗೆ ಸರಕಿದೆ, ಕೊಳ್ಳುವವಳಿಗೆ ಅಗತ್ಯವಿದೆ. ಆದರೂ ಇಬ್ಬರೂ ಸಂಧಿಸುವುದಿಲ್ಲ. ಈಚಿನ ಯಂತ್ರಗಳು ಪದಗಳ ಅರ್ಥವನ್ನೂ ಕೆಲಮಟ್ಟಿಗೆ ಗ್ರಹಿಸುತ್ತವೆ; ೨೦೧೯ರಿಂದ ಗೂಗಲ್ 'ಬರ್ಟ್' ಎಂಬ ವಿಧಾನವನ್ನು ಇದಕ್ಕಾಗಿ ಬಳಸತೊಡಗಿತು. ಆದರೆ ಪುಟದಲ್ಲಿ ಹೇಳದೆಯೇ ಬಿಟ್ಟ ವಿಷಯವನ್ನು ಯಾವ ವಿಧಾನವೂ ಗ್ರಹಿಸಲಾರದು.

ಪದಗಳ ತೂಕ

ಎಲ್ಲ ಪದಗಳಿಗೂ ಒಂದೇ ಬೆಲೆಯಿಲ್ಲ. ಕೇಂಬ್ರಿಜಿನ ವಿದುಷಿ ಕರೆನ್ ಸ್ಪಾರ್ಕ್ ಜೋನ್ಸ್ ೧೯೭೨ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದರ ತತ್ತ್ವವನ್ನು ವಿವರಿಸಿದರು. ಯಾವ ಪದವು ಕೆಲವೇ ಬರಹಗಳಲ್ಲಿ ಬರುವುದೋ ಅದಕ್ಕೆ ಹೆಚ್ಚು ತೂಕ. ಯಾವುದು ಎಲ್ಲೆಲ್ಲಿಯೂ ಬರುವುದೋ ಅದಕ್ಕೆ ಕಡಿಮೆ. ೧೦೦೦ ಪುಟಗಳಿವೆಯೆಂದೂ, ಅವುಗಳಲ್ಲಿ 'ಉತ್ತಮ' ಎಂಬ ಪದವು ೫೦೦ ಪುಟಗಳಲ್ಲಿಯೂ 'ಅರಗು' ಎಂಬುದು ೫ ಪುಟಗಳಲ್ಲಿಯೂ ಬರುವುದೆಂದೂ ಎಣಿಸೋಣ. ಮೊದಲನೆಯ ಪದವು ಹುಡುಕಾಟದ ಕ್ಷೇತ್ರವನ್ನು ಅರ್ಧಕ್ಕೆ ಮಾತ್ರ ಇಳಿಸುತ್ತದೆ. ಎರಡನೆಯದು ೨೦೦ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. 'ಉತ್ತಮ', 'ಶ್ರೇಷ್ಠ', 'ವಿಶ್ವಾಸಾರ್ಹ' ಎಂದು ಎಲ್ಲ ಅಂಗಡಿಯವರೂ ಬರೆದುಕೊಳ್ಳುವುದರಿಂದ ಆ ಮಾತುಗಳು ಯಾರನ್ನೂ ಗುರುತಿಸಿಕೊಡವು. 'ಹಾಲೆಮರ', 'ಅರಗಿನ ಬಣ್ಣ', 'ಬುಗುರಿ', 'ಗಿಲಕಿ', 'ಚನ್ನಪಟ್ಟಣ' ಎಂಬ ಖಚಿತವಾದ ಮಾತುಗಳು ಗುರುತಿಸಿಕೊಡುತ್ತವೆ.

ಪರರ ಸಾಕ್ಷ್ಯ

ಇಷ್ಟರಿಂದಲೇ ಕೆಲಸ ತೀರುವುದಿಲ್ಲ. ಒಂದೇ ಬಗೆಯ ಪದಗಳನ್ನು ಬರೆದಿರುವ ಇನ್ನೂರು ಅಂಗಡಿಗಳಿದ್ದರೆ ಯಾವುದನ್ನು ಮೊದಲು ತೋರಿಸಬೇಕು? ತನ್ನನ್ನು ತಾನೇ ಹೊಗಳಿಕೊಂಡವನ ಮಾತು ಸಾಕ್ಷ್ಯವಾಗಲಾರದು. ಇತರರು ಏನೆನ್ನುತ್ತಾರೆಂಬುದನ್ನು ನೋಡಬೇಕು. ಒಂದು ವಿಜ್ಞಾನ ಲೇಖನವನ್ನು ಬೇರೆ ಎಷ್ಟು ಲೇಖನಗಳು ಉಲ್ಲೇಖಿಸಿವೆ ಎಂಬುದರಿಂದ ಅದರ ಪ್ರಭಾವವನ್ನು ಅಳೆಯುವ ಕ್ರಮವನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ ೧೯೬೦ರ ದಶಕದಲ್ಲಿಯೇ ಬಳಕೆಗೆ ತಂದಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇಂಥದೇ ವಿಚಾರವನ್ನು ಜಾಲದ ಕೊಂಡಿಗಳಿಗೆ ಅನ್ವಯಿಸಿ, 'ಪೇಜ್‌ರ‍್ಯಾಂಕ್' ಎಂಬ ಗಣನೆಯನ್ನು ರೂಪಿಸಿ, ೧೯೯೮ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು.

ಈ ಗಣನೆಯನ್ನು ಪುಟ್ಟ ಲೆಕ್ಕವೊಂದರಿಂದ ತಿಳಿಯಬಹುದು. ಅಂಗಡಿ, ಶಾಲೆ, ಪತ್ರಿಕೆ ಎಂಬ ಮೂರೇ ತಾಣಗಳುಳ್ಳ ಒಂದು ಪ್ರಪಂಚವಿದೆ. ಅಂಗಡಿಯ ತಾಣದಿಂದ ಶಾಲೆಗೊಂದು, ಪತ್ರಿಕೆಗೊಂದು ಕೊಂಡಿಯುಂಟು. ಶಾಲೆಯಿಂದ ಪತ್ರಿಕೆಗೆ ಮಾತ್ರ, ಪತ್ರಿಕೆಯಿಂದ ಅಂಗಡಿಗೆ ಮಾತ್ರ ಕೊಂಡಿಯುಂಟು. ಪ್ರತಿಯೊಂದು ತಾಣವೂ ತನ್ನ ತೂಕವನ್ನು ತಾನು ಕೊಂಡಿ ನೀಡಿದ ತಾಣಗಳಿಗೆ ಸಮನಾಗಿ ಹಂಚಬೇಕು. ಒಟ್ಟು ತೂಕ ೧೦೦ ಆದರೆ, ಅಂಗಡಿಗೆ ೪೦, ಶಾಲೆಗೆ ೨೦, ಪತ್ರಿಕೆಗೆ ೪೦ ಬಂದಾಗ ಲೆಕ್ಕವು ಸ್ಥಿರವಾಗುತ್ತದೆ. ಅಂಗಡಿಯ ೪೦ರಲ್ಲಿ ಶಾಲೆಗೆ ೨೦, ಪತ್ರಿಕೆಗೆ ೨೦. ಶಾಲೆಯ ೨೦ ಪತ್ರಿಕೆಗೆ ಸೇರಿ ಅದಕ್ಕೆ ೪೦. ಆ ೪೦ ಮರಳಿ ಅಂಗಡಿಗೆ. ವಾಚಕರು ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಅಂಗಡಿಗೂ ಶಾಲೆಗೂ ತಲಾ ಒಂದೇ ಕೊಂಡಿ ಬಂದಿದೆ. ಆದರೂ ಅಂಗಡಿಯ ತೂಕ ಶಾಲೆಯದರ ಎರಡರಷ್ಟು. ಪತ್ರಿಕೆಯು ತನ್ನ ತೂಕವನ್ನು ಇಡಿಯಾಗಿ ಅದಕ್ಕೇ ಕೊಟ್ಟುದರಿಂದ ಹೀಗಾಯಿತು. ಎಷ್ಟು ಮಂದಿ ಹೇಳಿದರೆಂಬುದಷ್ಟೇ ಅಲ್ಲ, ಯಾರು ಹೇಳಿದರೆಂಬುದೂ ಮುಖ್ಯ. ಓದುಗನು ಸದಾ ಕೊಂಡಿಯನ್ನೇ ಹಿಡಿದು ಹೋಗದೆ ಆಗಾಗ ಬೇರೆಲ್ಲಿಗೋ ಜಿಗಿಯುತ್ತಾನೆಂದು ಎಣಿಸಿ, ಮೂಲ ಗಣನೆಯಲ್ಲಿ ಅದಕ್ಕಾಗಿ ನೂರಕ್ಕೆ ೧೫ರಷ್ಟನ್ನು ಸಾಮಾನ್ಯವಾಗಿ ತೆಗೆದಿರಿಸುತ್ತಿದ್ದರು. ಇಂದಾದರೋ ಕೊಂಡಿಗಳು ಹಲವು ಲಕ್ಷಣಗಳಲ್ಲಿ ಒಂದು ಮಾತ್ರ. ತತ್ತ್ವವು ಮಾತ್ರ ಉಳಿದಿದೆ.

ಕಪಟದ ಗತಿ

ಯಂತ್ರದ ರೀತಿಯನ್ನು ಅರಿತ ಕೆಲವರು ಅದನ್ನು ವಂಚಿಸಲು ಹವಣಿಸಿದರು. ಒಂದೇ ಪದವನ್ನು ನೂರು ಬಾರಿ ಬರೆದು, ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಅಡಗಿಸಿಟ್ಟರು. ಪುಟದ ತಲೆಯಲ್ಲಿ ಕಣ್ಣಿಗೆ ಕಾಣದಂತೆ ಪದಗಳ ಪಟ್ಟಿಯನ್ನು ತುಂಬಿದರು. ಇಂಥ ಪಟ್ಟಿಯನ್ನು ತಾನು ಸ್ಥಾನನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ ೨೦೦೯ರಲ್ಲಿ ಬಹಿರಂಗವಾಗಿ ತಿಳಿಸಿತು. ಸಂಚಾರಿಗೆ ಒಂದು ಪುಟವನ್ನೂ ಜನರಿಗೆ ಮತ್ತೊಂದನ್ನೂ ತೋರಿಸಿದರು. ಇಂಥ ಕಾರಣಕ್ಕಾಗಿ ೨೦೦೬ರ ಫೆಬ್ರವರಿಯಲ್ಲಿ ಬಿ.ಎಂ.ಡಬ್ಲ್ಯು. ಮೋಟಾರು ಸಂಸ್ಥೆಯ ಜರ್ಮನ್ ತಾಣವನ್ನೇ ಗೂಗಲ್ ತನ್ನ ಸೂಚಿಯಿಂದ ತೆಗೆದುಹಾಕಿತು. ಹಣ ಕೊಟ್ಟು ಕೊಂಡ ಕೊಂಡಿಗಳಿಂದ ಮೇಲೇರಿದ ತಾಣಗಳು ೨೦೧೨ರ ಏಪ್ರಿಲಿನಲ್ಲಿ ಬಂದ 'ಪೆಂಗ್ವಿನ್' ಎಂಬ ತಿದ್ದುಪಡಿಯಿಂದ ಕೆಳಗುರುಳಿದವು. ಮೋಟಾರು ಸಂಸ್ಥೆಯು ತಪ್ಪನ್ನು ತಿದ್ದಿಕೊಂಡು ಕೆಲವೇ ದಿನಗಳಲ್ಲಿ ಸೂಚಿಗೆ ಮರಳಿತು. ಅದರ ಹೆಸರು ಲೋಕವಿಖ್ಯಾತ. ಸಣ್ಣ ಅಂಗಡಿಗೆ ಆ ಬಲವಿಲ್ಲ. ಬಾಡಿಗೆಯ ತಂತ್ರಗಾರನು ಹಣ ಪಡೆದು ಹೋದ ಮೇಲೆ ಅದರ ಫಲವನ್ನು ಅಂಗಡಿಯವನೇ ಉಣ್ಣಬೇಕು. ಮೊದಲನೆಯ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಸ್ಪಷ್ಟಪಡಿಸಿದೆ. ಜಾಹೀರಾತಿಗೆ ಹಣ ತೆತ್ತರೂ ಆ ಜಾಹೀರಾತು ಬೇರೆಯಾಗಿ ಗುರುತಿಸಲ್ಪಟ್ಟು ತೋರುತ್ತದೆಯೇ ಹೊರತು, ಸಹಜವಾದ ಪಟ್ಟಿಯಲ್ಲಿ ಸ್ಥಾನವೇರುವುದಿಲ್ಲ.

ಕನ್ನಡ ಪುಟಗಳ ತೊಡಕು

ಕನ್ನಡದಲ್ಲಿ ಪುಟವನ್ನು ಸಿದ್ಧಪಡಿಸುವವರು ಇನ್ನೂ ಒಂದು ವಿಷಯವನ್ನು ಲಕ್ಷಿಸಬೇಕು. 'ಯೂನಿಕೋಡ್' ಎಂಬ ಸಂಕೇತವ್ಯವಸ್ಥೆಯು ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಕೊಟ್ಟಿತು. ಆದರೆ 'ನುಡಿ', 'ಬರಹ' ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಅಂಥ ಬರಹವು ನಮ್ಮ ಕಣ್ಣಿಗೆ ಶುದ್ಧ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಗಡಿಯ ವಿವರವನ್ನೆಲ್ಲ ಒಂದು ಚಿತ್ರದೊಳಗೆ ಬರೆದು ಹಾಕುವುದೂ ಇಂಥದೇ ದೋಷ. ಚಿತ್ರದ ಅಕ್ಷರಗಳನ್ನು ಯಂತ್ರವು ಓದೀತೆಂದು ನಂಬಿ ಕೂರುವುದಕ್ಕಿಂತ, ಬರಹವನ್ನು ಬರಹವಾಗಿಯೇ ಇಡುವುದು ಕ್ಷೇಮ.

ಇದಲ್ಲದೆ ನಮ್ಮ ಭಾಷೆಯಲ್ಲಿ ಒಂದೇ ಪದವು 'ಗೊಂಬೆ', 'ಗೊಂಬೆಗಳು', 'ಗೊಂಬೆಗಳನ್ನು', 'ಗೊಂಬೆಗಳಿಗೆ' ಎಂದು ಹಲವು ರೂಪ ತಾಳುತ್ತದೆ. ಆದುದರಿಂದ ಮುಖ್ಯವಾದ ಪದವನ್ನು ಶಿರೋನಾಮೆಯಲ್ಲಿ ಅದರ ಮೂಲರೂಪದಲ್ಲಿ ಒಮ್ಮೆಯಾದರೂ ಬರೆಯುವುದು ಲೇಸು. ಗಿರಾಕಿಗಳಲ್ಲಿ ಇಂಗ್ಲಿಷಿನಲ್ಲಿ ಕೇಳುವವರೂ ಇರುವುದರಿಂದ ಎರಡು ಭಾಷೆಗಳಲ್ಲಿಯೂ ಪ್ರತ್ಯೇಕವಾದ ಪುಟಗಳಿದ್ದರೆ ಇನ್ನೂ ಅನುಕೂಲ.

ಮಾಡಬೇಕಾದುದೇನು?

ಮೇಲಿನ ವಿವರಣೆಯಿಂದ ಕರ್ತವ್ಯವು ತಾನಾಗಿಯೇ ಸ್ಪಷ್ಟವಾಗುತ್ತದೆ. ಪ್ರತಿಯೊಂದು ಪುಟಕ್ಕೂ ಅದರ ವಿಷಯವನ್ನು ಸೂಚಿಸುವ ಬೇರೆ ಬೇರೆ ಶಿರೋನಾಮೆಯಿರಲಿ. ಗಿರಾಕಿಗಳು ಅಂಗಡಿಗೆ ಬಂದಾಗ ಕೇಳುವ ಪ್ರಶ್ನೆಗಳನ್ನು ಒಂದು ವಾರ ಬರೆದಿಟ್ಟುಕೊಂಡು, ಅವಕ್ಕೆ ಅವರದೇ ಮಾತಿನಲ್ಲಿ ಪುಟದಲ್ಲಿ ಉತ್ತರ ಕೊಡಿರಿ: ಬಣ್ಣ ಯಾವುದು, ಎಷ್ಟು ವಯಸ್ಸಿನ ಮಗುವಿಗೆ ತಕ್ಕದ್ದು, ಬೆಲೆಯೆಷ್ಟು, ದೂರದೂರಿಗೆ ಕಳುಹಿಸುವಿರಾ? ಪುಟವು ಕೈಯಲ್ಲಿ ಹಿಡಿಯುವ ದೂರವಾಣಿಯ ಮೇಲೆ ಬೇಗನೆ ತೆರೆಯಬೇಕು. ಏಕೆಂದರೆ ಗೂಗಲ್ ಈಗ ಪುಟದ ಆ ರೂಪವನ್ನೇ ಸೂಚಿಗೆ ಆಧಾರವಾಗಿ ಇಟ್ಟುಕೊಳ್ಳುತ್ತದೆ. ನಿಮ್ಮಿಂದ ಸರಕು ಕೊಂಡ ಶಾಲೆ, ನಿಮ್ಮ ಕಸುಬನ್ನು ಕುರಿತು ಬರೆದ ಪತ್ರಿಕೆ, ನಿಮ್ಮ ವರ್ತಕರ ಸಂಘ ಇವರು ತಮ್ಮ ತಾಣದಲ್ಲಿ ನಿಮಗೊಂದು ಕೊಂಡಿಯನ್ನು ಕೊಟ್ಟರೆ, ಅದು ಹಣಕ್ಕೆ ಕೊಂಡ ನೂರು ಕೊಂಡಿಗಳಿಗಿಂತ ಮೇಲು.

ಊರಿನ ಗಿರಾಕಿಗಳನ್ನೇ ನೆಚ್ಚಿದ ಅಂಗಡಿಗೆ ಇನ್ನೊಂದು ಸೌಕರ್ಯವುಂಟು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ವಿಳಾಸ, ದೂರವಾಣಿ, ತೆರೆದಿರುವ ವೇಳೆ ಇವನ್ನು ಶುಲ್ಕವಿಲ್ಲದೆ ನಮೂದಿಸಬಹುದು. "ಹತ್ತಿರದ ಗೊಂಬೆ ಅಂಗಡಿ" ಎಂದು ಕೇಳಿದವರಿಗೆ ಉತ್ತರ ಕೊಡುವಾಗ, ಪ್ರಶ್ನೆಗೆ ಅಂಗಡಿಯು ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಪ್ರಸಿದ್ಧವಾಗಿದೆ ಎಂಬ ಮೂರು ಅಂಶಗಳನ್ನು ಯಂತ್ರವು ಮುಖ್ಯವಾಗಿ ಗಣಿಸುತ್ತದೆ. ಇವುಗಳಲ್ಲಿ ದೂರವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ; ಉಳಿದೆರಡು ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ವಿಳಾಸವು ತಾಣದಲ್ಲೊಂದು ಬಗೆ, ನಕ್ಷೆಯಲ್ಲೊಂದು ಬಗೆ ಇರದಂತೆ ನೋಡಿಕೊಳ್ಳಬೇಕು.

೨೦೨೪ರಿಂದ ಗೂಗಲ್ ಹಲವು ಪ್ರಶ್ನೆಗಳಿಗೆ ಪಟ್ಟಿಯ ಮೇಲ್ಗಡೆ ಯಂತ್ರವೇ ರಚಿಸಿದ ಸಾರಾಂಶವನ್ನು ಕೊಡತೊಡಗಿದೆ. ಮುಂದೆ ಈ ರೀತಿಗಳು ಇನ್ನೂ ಮಾರ್ಪಡಬಹುದು. ಆದರೆ ಸಾರಾಂಶವನ್ನು ರಚಿಸುವ ಯಂತ್ರಕ್ಕೂ ಆಧಾರವಾಗಿ ಯಾರೋ ಬರೆದ ಪುಟಗಳು ಬೇಕೇ ಬೇಕು. ಶೋಧಯಂತ್ರವು ಗೊಂಬೆಯನ್ನು ಮುಟ್ಟಿ ನೋಡಲಾರದು. ಮರದ ನಯವನ್ನೂ ಕುಶಲಕರ್ಮಿಯ ಶ್ರಮವನ್ನೂ ಅರಿಯಲಾರದು. ನಾವು ಬರೆದುದನ್ನು ಓದುತ್ತದೆ, ಇತರರು ನಮ್ಮ ವಿಷಯದಲ್ಲಿ ಕೊಟ್ಟ ಸಾಕ್ಷ್ಯವನ್ನು ತೂಗುತ್ತದೆ. ಅದು ಬಲ್ಲುದು ಇಷ್ಟೇ. ಆದಕಾರಣ ಇರುವುದನ್ನು ಇರುವಂತೆ, ತಿಳಿಯುವ ಮಾತಿನಲ್ಲಿ ಬರೆದು, ಒಳ್ಳೆಯ ಸರಕಿನಿಂದ ಒಳ್ಳೆಯ ಮಾತನ್ನು ಗಳಿಸುವುದು ಸಣ್ಣ ವ್ಯಾಪಾರಿಗೆ ಭದ್ರವಾದ ಮಾರ್ಗ. ಅದರ ಫಲವು ಕಾಣಲು ಕೆಲವು ತಿಂಗಳುಗಳೇ ಹಿಡಿಯಬಹುದು. ಆದರೆ ಯಂತ್ರದ ನಿಯಮಗಳು ಬದಲಾದಾಗ ಕುಸಿದು ಬೀಳುವ ಭಯ ಅದಕ್ಕಿಲ್ಲ.