ವಾಕ್ಯದೊಳಗಿನ ವಾಕ್ಯ

ಒಂದು ಪೂರ್ಣ ವಾಕ್ಯವು ಮತ್ತೊಂದು ವಾಕ್ಯದೊಳಗೆ ಸೇರಿ, ಅಲ್ಲಿ ಕೇವಲ ಒಂದು ನಾಮಪದದ ಕೆಲಸವನ್ನು ಮಾಡುವುದುಂಟು. ಅದನ್ನು ನಾಮ ಉಪವಾಕ್ಯವೆನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಕಾರ್ಯವನ್ನು ಗುರುತಿಸಲು ಹಲವು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಆದರೆ ಅದನ್ನು ಅರಿಯುವ ಉಪಾಯವು ಅವರ ತಾಯ್ನುಡಿಯಲ್ಲಿಯೇ ಇದೆ.

ಕುವೆಂಪು ಅವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದರು. ಇದು ಸ್ವತಂತ್ರ ವಾಕ್ಯ. ‘ಕುವೆಂಪು ಹಿರೇಕೊಡಿಗೆಯಲ್ಲಿ ಜನಿಸಿದರು ಎಂಬುದು ನಿಜ’ ಎಂದಾಗ ಅದೇ ಮಾತು ಕರ್ತೃವಾಗುತ್ತದೆ. ‘ಕುವೆಂಪು ಹಿರೇಕೊಡಿಗೆಯಲ್ಲಿ ಜನಿಸಿದರು ಎಂಬುದನ್ನು ನಾವು ಬಲ್ಲೆವು’ ಎಂದಾಗ ಕರ್ಮವಾಗುತ್ತದೆ. ‘ಎಂಬುದು’, ‘ಎಂಬುದನ್ನು’ ಎಂಬ ರೂಪಗಳಲ್ಲಿರುವ ವಿಭಕ್ತಿಯೇ ಉಪವಾಕ್ಯದ ಕಾರ್ಯವನ್ನು ತಿಳಿಸುತ್ತದೆ.

ಇಂಗ್ಲಿಷಿನಲ್ಲಿ ಇಂತಹ ಪ್ರತ್ಯಯಗಳಿಲ್ಲ. ಅಲ್ಲಿ ಸ್ಥಾನವೇ ಪ್ರಧಾನ. ‘ದಟ್ ಕುವೆಂಪು ವಾಸ್ ಬಾರ್ನ್ ಅಟ್ ಹಿರೇಕೊಡಿಗೆ ಈಸ್ ಟ್ರೂ’ ಎಂಬಲ್ಲಿ ಉಪವಾಕ್ಯವು ಮುಖ್ಯ ಕ್ರಿಯಾಪದವಾದ ‘ಈಸ್’ಗಿಂತ ಮೊದಲು ಬಂದು ಕರ್ತೃವಾಗಿದೆ. ‘ವಿ ನೋ ದಟ್ ಕುವೆಂಪು ವಾಸ್ ಬಾರ್ನ್ ಅಟ್ ಹಿರೇಕೊಡಿಗೆ’ ಎಂಬಲ್ಲಿ ‘ನೋ’ ಎಂಬ ಸಕರ್ಮಕ ಕ್ರಿಯಾಪದದ ಅನಂತರ ಬಂದು ಕರ್ಮವಾಗಿದೆ. ‘ದಿ ಫ್ಯಾಕ್ಟ್ ಈಸ್’ ಎಂಬುದರ ಅನಂತರ ಅದನ್ನೇ ಇರಿಸಿದರೆ ಪೂರಕವಾಗುತ್ತದೆ.

ಇದನ್ನು ಪರೀಕ್ಷಿಸಲು ಉಪವಾಕ್ಯವನ್ನು ತೆಗೆದು, ಆ ಸ್ಥಾನದಲ್ಲಿ ‘ದಿಸ್’ ಎಂಬ ಒಂದೇ ಪದವನ್ನು ಇರಿಸಬೇಕು. ‘ದಿಸ್ ಈಸ್ ಟ್ರೂ’, ‘ವಿ ನೋ ದಿಸ್’ ಎಂಬ ವಾಕ್ಯಗಳು ಸರಿಯಾಗಿಯೇ ನಿಲ್ಲುತ್ತವೆ. ಆದರೆ ‘ದಟ್’ ಇದ್ದ ಮಾತ್ರಕ್ಕೆ ನಾಮ ಉಪವಾಕ್ಯವಾಗದು. ‘ದಿ ರಿವರ್ ದಟ್ ಫ್ಲೋಸ್ ಥ್ರೂ ಶೃಂಗೇರಿ ಈಸ್ ದಿ ತುಂಗಾ’ ಎಂಬ ವಾಕ್ಯದ ಉಪವಾಕ್ಯಕ್ಕೆ ಬದಲಾಗಿ ‘ದಿಸ್’ ಹೊಂದುವುದಿಲ್ಲ. ಕನ್ನಡದಲ್ಲಿ ಅದು ‘ಶೃಂಗೇರಿಯಲ್ಲಿ ಹರಿಯುವ’ ಎಂದಾಗಿ ನದಿಯನ್ನು ವಿಶೇಷಿಸುತ್ತದೆ. ಆದುದರಿಂದ ಅದು ವಿಶೇಷಣ ಉಪವಾಕ್ಯ.

ಈ ವಿವೇಚನೆ ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವಲ್ಲ. ನರಸಿಂಹರಾಜಪುರದ ಕಡೆಯ ಒಂದು ಹಳ್ಳ ಮಳೆಗಾಲದಲ್ಲಿ ತುಂಬಿ ಹರಿಯುತ್ತಿರುವಾಗ, ದಾರಿಹೋಕನೊಬ್ಬನು ‘ಸಂಕ ಗಟ್ಟಿಯಾಗಿದೆ ಎಂದು ಊರಿನವರು ಹೇಳಿದರು’ ಎನ್ನುತ್ತಾನೆ. ಇಲ್ಲಿ ‘ಹೇಳಿದರು’ ಎಂಬುದೇ ಮುಖ್ಯ ಕ್ರಿಯಾಪದ. ಸಂಕದ ಮಾತು ಅದರ ಕರ್ಮ. ಊರಿನವರು ಹಾಗೆ ಹೇಳಿದ್ದರೆ ಈ ವಾಕ್ಯವು ಸತ್ಯವೇ. ಸಂಕ ಗಟ್ಟಿಯಾಗಿರಬೇಕೆಂದೇನೂ ಇಲ್ಲ. ಈ ಭೇದವನ್ನು ಅರಿತವನು ಕಾಲಿಡುವ ಮೊದಲು ಸಂಕವನ್ನು ತಾನೇ ಪರೀಕ್ಷಿಸುತ್ತಾನೆ. ಪತ್ರಿಕೆಯಲ್ಲಿ ಓದಿದ ಸುದ್ದಿಗೂ ಪರರಿಂದ ಕೇಳಿದ ಮಾತಿಗೂ ಇದೇ ಎಚ್ಚರ ಸಲ್ಲುತ್ತದೆ.